ನೀರು ಬೆರೆಸಿದ ಮೇಲೆ ಸ್ಪಿರಿಟ್ ಮಬ್ಬು, ಮೊದಲ ಜಾರುಗಳು ನೀಲಿ: ನ್ಯೂಜಿಲೆಂಡ್‌ನಲ್ಲಿ ಮನೆಬಟ್ಟಿ ಮಾಡುವವರು ದಯವಿಟ್ಟು ನೋಡಿ

ವೈಕಾಟೊ_ಹಂಡೆ
ಹ್ಯಾಮಿಲ್ಟನ್ ಹೊರಗಿನ ಹಳ್ಳಿ ಕಡೆಯಿಂದ ಬರೆಯುತ್ತಿದ್ದೇನೆ. ಮೊದಲು ಸಲಕರಣೆ ವಿವರ: 25 ಲೀಟರ್ ಸ್ಟೀಲ್ ಬಾಯ್ಲರ್, 2000 ವ್ಯಾಟ್ ಎಲಿಮೆಂಟ್, ತಾಮ್ರದ ಪಾಟ್ ಹೆಡ್ (ಬಾಯ್ಲರ್ ಮೇಲೆ ಕೂರುವ, ಆವಿ ಸಾಗಿಸುವ ಭಾಗ), ಆವಿ ತಣಿಸಿ ದ್ರವ ಮಾಡುವ ಕಂಡೆನ್ಸರ್ ಕೂಡ ತಾಮ್ರದ್ದೇ. ವಾಶ್‌ಗೆ (ಬಟ್ಟಿ ಇಳಿಸಲು ಹುದುಗಿಸುವ ದ್ರಾವಣಕ್ಕೆ) 23 ಲೀಟರಿಗೆ 6 ಕೆಜಿ ಸಕ್ಕರೆ, ಯೀಸ್ಟ್, 60 ಗ್ರಾಂ ಡಿಎಪಿ (ಡೈಅಮೋನಿಯಂ ಫಾಸ್ಫೇಟ್, ಯೀಸ್ಟ್‌ಗೆ ಪೋಷಕಾಂಶ). ಮೊದಲ ಸುತ್ತಿನಲ್ಲಿ ಬಂದದ್ದನ್ನೆಲ್ಲ ಒಟ್ಟು ಮಾಡಿ, ನೀರು ಸೇರಿಸಿ ಆಲ್ಕೋಹಾಲ್ ಶೇ. 30ಕ್ಕೆ ತಂದು, ಎರಡು ಚಮಚ ಅಡುಗೆ ಸೋಡಾ ಹಾಕಿ ಎರಡನೇ ಸುತ್ತು ಬಟ್ಟಿ ಇಳಿಸಿದ್ದು. ಬಂದ ಕ್ರಮದಲ್ಲೇ 500 ಎಂಎಲ್ ಗಾಜಿನ ಜಾರುಗಳಲ್ಲಿ ಹಿಡಿದದ್ದು, ಒಟ್ಟು ಒಂಬತ್ತು.

ತೊಂದರೆ ಹೀಗಿದೆ. 1ರಿಂದ 3ನೇ ಜಾರ್ ತಿಳಿ ನೀಲಿ. 4ರಿಂದ 7 ಕನ್ನಡಿಯಷ್ಟು ಸ್ವಚ್ಛ, ಆದರೆ ನಾಲ್ಕನ್ನೂ ಬೆರೆಸಿ (ಒಟ್ಟು ಶೇ. 68) ಬೋರ್ ನೀರು ಹಾಕಿ ಶೇ. 40ಕ್ಕೆ ತಂದರೆ ಗಂಟೆಯೊಳಗೆ ಮಬ್ಬು, ಮರುದಿನ ತಳದಲ್ಲಿ ಬಿಳಿ ಚೂರು. 8, 9ನ್ನು ಮುಂದಿನ ಸುತ್ತಿಗೆಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ತೆಗೆದಿಟ್ಟಿದೆ, ಅದು ದಿನ ಕಳೆದಂತೆ ಹಳದಿ ತಿರುಗುತ್ತಿದೆ. ಮೂರಕ್ಕೂ ಒಂದೇ ಕಾರಣವಾ?

ನಿರ್ವಾಹಕ
ಚರ್ಚೆ ಶುರುವಾಗುವ ಮುಂಚೆ ಎಲ್ಲರಿಗೂ. ನ್ಯೂಜಿಲೆಂಡ್‌ನಲ್ಲಿ 1996ರಿಂದ ಸ್ವಂತ ಬಳಕೆಗೆ ಮನೆಯಲ್ಲಿ ಬಟ್ಟಿ ಇಳಿಸುವುದು ಕಾನೂನುಬದ್ಧ, ಮಾರುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಇಲ್ಲದೆ ಕುಡಿಯುವ ಸ್ಪಿರಿಟ್ ಇಳಿಸುವಂತಿಲ್ಲ, ಹಂಡೆ ಎಷ್ಟೇ ಚಿಕ್ಕದಿರಲಿ. ಅಮೆರಿಕದಲ್ಲೂ ಮನೆಬಟ್ಟಿಗೆ ಒಕ್ಕೂಟದ ಕಾನೂನಿನ ನಿಷೇಧವಿದೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಊರಿನಿಂದ ಓದುತ್ತಿರುವವರು ತಿಳುವಳಿಕೆಗೆ ಓದಿ, ಮಾಡಲು ಹೋಗಬೇಡಿ.

ಇದ್ದಿಲು_ಪ್ರಿಯ
ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಆಕ್ಟಿವೇಟೆಡ್ ಕಾರ್ಬನ್ (ಸೋಸುವ ಇದ್ದಿಲು) ತುಂಬಿದ ಕೊಳವೆಯಲ್ಲಿ ಎರಡು ಸಲ ಸೋಸಿ. ಬಣ್ಣ, ವಾಸನೆ ಎರಡೂ ಹೋಗುತ್ತೆ.

ಪಿಎಚ್_ಪಟ್ಟಿ
ಇಲ್ಲ, ಇದು ತಪ್ಪು ಸಲಹೆ. ನೀಲಿ ಅಂದರೆ ತಾಮ್ರದ ಲವಣ. ಕಾರ್ಬನ್ ಹಿಡಿಯುವುದು ಮುಖ್ಯವಾಗಿ ಎಣ್ಣೆಯಂಥ ಸಾವಯವ ವಸ್ತುಗಳನ್ನು. ಕರಗಿದ ತಾಮ್ರವನ್ನು ಅದು ಪೂರ್ತಿ ಹಿಡಿಯುತ್ತದೆ ಎಂದು ನಂಬುವಂತಿಲ್ಲ. ಬಣ್ಣ ಸ್ವಲ್ಪ ಮಸುಕಾದರೆ ಜನ ಸರಿಹೋಯಿತು ಅಂದುಕೊಂಡು ಕುಡಿಯುತ್ತಾರೆ, ಅಪಾಯ ಇರುವುದೇ ಅಲ್ಲಿ. ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಕಣ್ಣಿಗೆ ನೀಲಿ ಕಾಣುವ ಸ್ಪಿರಿಟ್ ಆ ಮಿತಿ ಯಾವಾಗಲೋ ದಾಟಿರುತ್ತದೆ.

ಮೂರೂ ಬೇರೆ ಬೇರೆ ತೊಂದರೆ. ಒಂದೊಂದಾಗಿ ನೋಡಿ. ಏನು ಸೇರಿದೆ ಅಂತ ಗೊತ್ತಾಗುವವರೆಗೆ ಏನನ್ನೂ ಸೋಸಬೇಡಿ, ಏನನ್ನೂ ಬೆರೆಸಬೇಡಿ.

ಮೊದಲು ನೀಲಿ. 23 ಲೀಟರಿಗೆ 60 ಗ್ರಾಂ ಡಿಎಪಿ ಅಂದರೆ ಲೀಟರಿಗೆ 2.6 ಗ್ರಾಂ. ಸಕ್ಕರೆ ವಾಶ್‌ಗೆ ಅರ್ಧದಿಂದ ಒಂದು ಗ್ರಾಂ ಸಾಕು. ಯೀಸ್ಟ್ ತಿಂದು ಉಳಿದ ಅಮೋನಿಯಂ ವಾಶ್‌ನಲ್ಲೇ ಇತ್ತು. ವಾಶ್ ಹುಳಿ ಇರುವವರೆಗೆ ಅದು ಸುಮ್ಮನಿರುತ್ತದೆ. ಆದರೂ ಕುದಿಯುವಾಗ ಸ್ವಲ್ಪ ಮೇಲೆದ್ದು ಮೊದಲ ಸುತ್ತಿನ ಸ್ಪಿರಿಟ್‌ಗೆ ಬಂದಿರುತ್ತದೆ. ಅದಕ್ಕೆ ನೀವು ಸೋಡಾ ಹಾಕಿದಿರಿ, ದ್ರವ ಕ್ಷಾರವಾಯಿತು, ಅಮೋನಿಯಾ ಅನಿಲವಾಗಿ ಬಿಡುಗಡೆಯಾಯಿತು. ಅದು ಬಹಳ ಹಗುರ, ಮೊದಲ ಜಾರುಗಳಲ್ಲೇ ಬಂದುಬಿಡುತ್ತದೆ, ಬರುವಾಗ ಕಂಡೆನ್ಸರಿನ ತಾಮ್ರವನ್ನು ಕರಗಿಸಿಕೊಂಡು ನೀಲಿಯಾಗುತ್ತದೆ. 1, 2, 3 ನೀಲಿ, 4ರಿಂದ ಸ್ವಚ್ಛ ಎಂದಿರಿ. ಅದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಖಾತ್ರಿಗೆ: ಪಿಎಚ್ ಪಟ್ಟಿಯನ್ನು ಡಿಸ್ಟಿಲ್ಡ್ ನೀರಲ್ಲಿ ಒದ್ದೆ ಮಾಡಿ 1ನೇ ಜಾರಿನ ಬಾಯಿಯ ಮೇಲೆ, ದ್ರವಕ್ಕೆ ತಾಗದಂತೆ, ಒಂದು ನಿಮಿಷ ಹಿಡಿಯಿರಿ. ಕ್ಷಾರದ ಬಣ್ಣಕ್ಕೆ ತಿರುಗಿದರೆ ಅಮೋನಿಯಾ ಇದೆ.

ತಾಮ್ರದ_ಚೊಂಬು
ಒಂದು ಸೇರ್ಪಡೆ. ನೀಲಿಗೂ ಹಸಿರಿಗೂ ವ್ಯತ್ಯಾಸ ಇದೆ. ಹಸಿರು ಛಾಯೆ, ಅದೂ ಮೊದಲ ನೂರಿನ್ನೂರು ಎಂಎಲ್‌ನಲ್ಲಿ ಮಾತ್ರ ಬಂದರೆ ಅದು ಕಿಲುಬು. ಹಿಂದಿನ ಸಲ ತೊಳೆಯದೆ ಒದ್ದೆಯಾಗಿ ಇಟ್ಟ ಕೊಳವೆಯೊಳಗೆ ಅಸಿಟಿಕ್ ಆಮ್ಲ ತಾಮ್ರದ ಜೊತೆ ಸೇರಿ ಕಟ್ಟಿದ ಪದರ, ಹೊಸ ಸ್ಪಿರಿಟ್ ಅದನ್ನು ತೊಳೆದು ತರುತ್ತದೆ. ಅದಕ್ಕೆ ಪರಿಹಾರ ಸ್ವಚ್ಛತೆ ಅಷ್ಟೆ. ನೀಲಿ, ಅದೂ ಜಾರ್ ಮೇಲೆ ಜಾರ್ ಬಂದರೆ ಅಮೋನಿಯಾ.

ಸ್ಟೀಲ್_ಸಾಕು
ಇದಕ್ಕೇ ತಾಮ್ರದ ಗೊಡವೆಯೇ ಬೇಡ ಅನ್ನೋದು. ಪೂರ್ತಿ 304 ದರ್ಜೆಯ ಸ್ಟೀಲ್ ಹಾಕಿ, ನೀಲಿಯೂ ಇಲ್ಲ ಹಸಿರೂ ಇಲ್ಲ.

ತಾಮ್ರದ_ಚೊಂಬು
ನೀಲಿ ಇರಲ್ಲ, ಆದರೆ ಕೊಳೆತ ಎಲೆಕೋಸಿನ ವಾಸನೆ ಇರುತ್ತೆ. ಯೀಸ್ಟ್ ಬಿಡುವ ಗಂಧಕದ ಸಂಯುಕ್ತಗಳನ್ನು ಆವಿಯಲ್ಲೇ ಹಿಡಿದು ಇಟ್ಟುಕೊಳ್ಳೋದು ತಾಮ್ರ. ಬಳಸಿದ ತಾಮ್ರದ ಜಾಲರಿ ಕಪ್ಪಾಗುತ್ತಲ್ಲ, ಅದು ಹಿಡಿದ ಗಂಧಕ. ಪೂರ್ತಿ ಸ್ಟೀಲ್ ಸಲಕರಣೆಯಲ್ಲಿ ಇಳಿಸಿದ್ದನ್ನು ಮೂಸಿ ನೋಡಿ, ಆಮೇಲೆ ಮಾತಾಡೋಣ.

ಪಿಎಚ್_ಪಟ್ಟಿ
ಇಬ್ಬರ ಮಾತಲ್ಲೂ ಅರ್ಧ ಸರಿ ಇದೆ. ತಾಮ್ರ ಬೇಕು, ಆದರೆ ಎಲ್ಲಿ ಅನ್ನುವುದು ಮುಖ್ಯ. ಆವಿ ಮೇಲೇರುವ ದಾರಿಯಲ್ಲಿ ತಾಮ್ರ ಇದ್ದರೆ ಅಲ್ಲಿ ಹುಟ್ಟುವ ಲವಣ ಮರಳಿ ಬಾಯ್ಲರಿಗೆ ತೊಟ್ಟಿಕ್ಕುತ್ತದೆ. ಕಂಡೆನ್ಸರ್ ತಾಮ್ರದ್ದಾದರೆ ಅಲ್ಲಿ ಕರಗಿದ್ದೆಲ್ಲ ನೇರ ಜಾರಿಗೆ ಬೀಳುತ್ತದೆ, ಹಿಂದೆ ಹೋಗುವ ದಾರಿ ಇಲ್ಲ. ಆದ್ದರಿಂದ ಕಾಲಮ್ಮಿನಲ್ಲಿ ತಾಮ್ರದ ಜಾಲರಿ, ಕಂಡೆನ್ಸರ್ ಸ್ಟೀಲ್. ತಾಮ್ರದ ಕಂಡೆನ್ಸರೇ ಇದ್ದರೆ ಪ್ರತಿ ಸುತ್ತಿನ ನಂತರ ತೊಳೆದು ಒಣಗಿಸುವುದು ಕಡ್ಡಾಯ.

ವೈಕಾಟೊ_ಹಂಡೆ
ಪಟ್ಟಿ ಹಿಡಿದೆ. 1, 2 ಎರಡೂ ಗಾಢ ಹಸಿರು-ನೀಲಿಗೆ ತಿರುಗಿತು, ಪಿಎಚ್ 9ರ ಆಸುಪಾಸು. 4ನೇ ಜಾರಲ್ಲಿ ಏನೂ ಆಗಲಿಲ್ಲ. ಈ ನೀಲಿ ಒಂದೂವರೆ ಲೀಟರ್ ಏನು ಮಾಡಲಿ?

ಹೊಳೆದಂಡೆ
ಎಸೆಯಿರಿ. 6 ಕೆಜಿ ಸಕ್ಕರೆಯ ಬೆಲೆ ಎಷ್ಟು? ಆರೋಗ್ಯದ ಬೆಲೆ ಎಷ್ಟು? ಅದರಲ್ಲೂ 1ನೇ ಜಾರಿನ ಮೊದಲ 100 ಎಂಎಲ್ ಹೇಗೂ ಎಸೆಯಬೇಕಾದ ಪಾಲು.

ಪಿಎಚ್_ಪಟ್ಟಿ
1ನೇ ಜಾರ್ ಎಸೆಯಿರಿ, ವಾದವೇ ಬೇಡ. 2, 3ನ್ನು ಉಳಿಸಬಹುದು, ಹೀಗೆ:

ಮೊದಲು ಹೆಡ್, ಕಂಡೆನ್ಸರ್ ಸ್ವಚ್ಛ ಮಾಡಿ. 10 ಲೀಟರ್ ಬಿಸಿ ನೀರಿಗೆ (60 ಡಿಗ್ರಿ ಸಾಕು) 100 ಗ್ರಾಂ ಸಿಟ್ರಿಕ್ ಆಮ್ಲ, ಭಾಗಗಳನ್ನು ಅರ್ಧ ಗಂಟೆ ಮುಳುಗಿಸಿಡಿ. ತಾಮ್ರ ಗುಲಾಬಿ ಬಣ್ಣಕ್ಕೆ ಬರಬೇಕು. ಎರಡು ಸಲ ನೀರಲ್ಲಿ ತೊಳೆದು ಗಾಳಿಗೆ ಒಣಗಿಸಿ. ಕಂಡೆನ್ಸರ್ ಕೊಳವೆಯೊಳಗೆ ದಾರಕ್ಕೆ ಬಟ್ಟೆ ಕಟ್ಟಿ ಎಳೆಯಿರಿ, ಒಳಗೆ ಹನಿ ನಿಲ್ಲಬಾರದು.

ಆಮೇಲೆ ನೀಲಿ ಸ್ಪಿರಿಟ್‌ಗೆ ನೀರು ಸೇರಿಸಿ ಶೇ. 30ಕ್ಕಿಂತ ಕೆಳಗೆ ತನ್ನಿ. ಲೀಟರಿಗೆ 1 ಗ್ರಾಂ ಸಿಟ್ರಿಕ್ ಆಮ್ಲದಿಂದ ಶುರು ಮಾಡಿ, ಕಲಕಿ, ಪಿಎಚ್ ನೋಡಿ, ಐದೂವರೆಗೆ ಬರುವವರೆಗೆ ಸ್ವಲ್ಪ ಸ್ವಲ್ಪ ಸೇರಿಸಿ. ನೀಲಿ ಮಾಯವಾಗಿ ನಸು ಹಸಿರು ಆಗುವುದು ಕಣ್ಣಿಗೇ ಕಾಣುತ್ತದೆ, ಅಮೋನಿಯಾ ತಾಮ್ರವನ್ನು ಬಿಟ್ಟು ಆಮ್ಲಕ್ಕೆ ಕಟ್ಟಿಕೊಂಡ ಗುರುತು. ಈಗ ಎರಡೂ ಲವಣ, ಆವಿಯಾಗುವುದಿಲ್ಲ. ನಿಧಾನಕ್ಕೆ ಮತ್ತೆ ಬಟ್ಟಿ ಇಳಿಸಿ. ಸೋಡಾ ಹಾಕಬೇಡಿ!

ಬಂದ ಸ್ಪಿರಿಟ್‌ಗೆ ಬಿಳಿ ಹಾಳೆಯ ಎದುರು ಹಿಡಿದಾಗ ಎಳ್ಳಷ್ಟೂ ಬಣ್ಣ ಇರಬಾರದು. ಇದ್ದರೆ ಹೊಳೆದಂಡೆಯವರು ಹೇಳಿದ್ದೇ ಸರಿ, ಎಸೆಯಿರಿ.

ಹೊಳೆದಂಡೆ
ಸರಿ, ಇಷ್ಟು ಶಿಸ್ತಿನಿಂದ ಮಾಡುವವರಾದರೆ ತಕರಾರಿಲ್ಲ. ಆದರೆ ಎಸೆಯುವುದು ಎಲ್ಲಿಗೆ ಅನ್ನುವುದನ್ನೂ ಹೇಳಿ. ತಾಮ್ರದ ನೀರನ್ನು ರಸ್ತೆ ಬದಿಯ ಮಳೆನೀರು ಚರಂಡಿಗೆ ಬಿಟ್ಟರೆ ಅದು ನೇರ ತೊರೆಗೆ ಸೇರುತ್ತದೆ, ಮೀನಿಗೂ ಜಲಹುಳುಗಳಿಗೂ ಬಹಳ ಕಡಿಮೆ ತಾಮ್ರವೇ ವಿಷ. ಬಾಟಲಿಯಲ್ಲಿ ಹಾಕಿ ಚೀಟಿ ಅಂಟಿಸಿ ಕೌನ್ಸಿಲ್‌ನವರು ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಜಾಗಕ್ಕೆ ಕೊಡಿ.

ಸೋಸುಬಟ್ಟೆ
ನೀಲಿ ಆಯಿತು. ಮಬ್ಬಿಗೆ ಬರೋಣ, ಬಹಳ ಜನಕ್ಕೆ ಬರುವ ತೊಂದರೆ ಅದು.

ನೀರು ಬೆರೆಸಿದ ಮೇಲೆ ಸ್ಪಿರಿಟ್ ಮಬ್ಬಾಗಲು ಎರಡೇ ದೊಡ್ಡ ಕಾರಣ. ಒಂದು, ಸ್ಪಿರಿಟ್‌ನಲ್ಲಿದ್ದ ಎಣ್ಣೆಯಂಶ ನೀರು ಹೆಚ್ಚಾದಾಗ ಕರಗಿ ಉಳಿಯಲಾರದೆ ಸಣ್ಣ ಹನಿಗಳಾಗಿ ಬೇರೆಯಾಗುವುದು. ಎರಡು, ನೀರಿನಲ್ಲಿದ್ದ ಸುಣ್ಣದ ಲವಣ ಆಲ್ಕೋಹಾಲ್ ಹೆಚ್ಚಾದಾಗ ಕರಗಿ ಉಳಿಯಲಾರದೆ ಹರಳಾಗುವುದು. ಒಂದರಲ್ಲಿ ತಪ್ಪು ಸ್ಪಿರಿಟ್‌ನದು, ಇನ್ನೊಂದರಲ್ಲಿ ನೀರಿನದು, ಪರಿಹಾರ ಪೂರ್ತಿ ಬೇರೆ.

ಮಬ್ಬಾದ ಸ್ಪಿರಿಟ್ 20 ಎಂಎಲ್‌ನಂತೆ ಮೂರು ಸಣ್ಣ ಗಾಜಿನ ಲೋಟಕ್ಕೆ ಹಾಕಿ.

ಮೊದಲನೆಯದಕ್ಕೆ ಸ್ವಚ್ಛವಾದ, ಶೇ. 70ರಷ್ಟಿರುವ ಸ್ಪಿರಿಟ್ 20 ಎಂಎಲ್ ಸೇರಿಸಿ. ಒಟ್ಟು ಶೇ. 55 ಆಗುತ್ತದೆ. ತಿಳಿಯಾದರೆ ಎಣ್ಣೆ. ಹಾಗೇ ಉಳಿದರೆ ಅಥವಾ ಹೆಚ್ಚಾದರೆ ಸುಣ್ಣ.

ಎರಡನೆಯದಕ್ಕೆ ಐದಾರು ಹನಿ ಬಿಳಿ ವಿನೆಗರ್. ತಿಳಿಯಾದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಆಗದಿದ್ದರೆ ಸಲ್ಫೇಟ್ ಇರಬಹುದು, ಅದು ಆಮ್ಲಕ್ಕೆ ಬಗ್ಗುವುದಿಲ್ಲ.

ಮೂರನೆಯದನ್ನು 40-45 ಡಿಗ್ರಿ ಬಿಸಿ ನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ. ನಲ್ಲಿಯ ಬಿಸಿ ನೀರು ಸಾಕು, ಒಲೆಯ ಹತ್ತಿರ ಒಯ್ಯಬೇಡಿ. ಬೆಚ್ಚಗಾದಾಗ ತಿಳಿಯಾಗಿ ತಣ್ಣಗಾದಾಗ ಮತ್ತೆ ಮಬ್ಬಾದರೆ ಎಣ್ಣೆ ಮತ್ತು ಉದ್ದ ಸರಪಳಿಯ ಎಸ್ಟರುಗಳು (ಆಮ್ಲ, ಆಲ್ಕೋಹಾಲ್ ಸೇರಿ ಆಗುವ ವಸ್ತುಗಳು).

ವೈಕಾಟೊ_ಹಂಡೆ
ಮೂರನ್ನೂ ಮಾಡಿದೆ. ವಿನೆಗರ್ ಹಾಕಿದ್ದು ಬಹುಪಾಲು ತಿಳಿಯಾಯಿತು, ಪೂರ್ತಿ ಅಲ್ಲ. ಸ್ಪಿರಿಟ್ ಸೇರಿಸಿದ್ದು ಸ್ವಲ್ಪ ಕಡಿಮೆಯಾಯಿತು, ಚೂರುಗಳು ಹಾಗೇ ಇವೆ. ಬಿಸಿ ಮಾಡಿದ್ದರಲ್ಲೂ ಸ್ವಲ್ಪವೇ ವ್ಯತ್ಯಾಸ.

ಸೋಸುಬಟ್ಟೆ
ಹಾಗಾದರೆ ಎರಡೂ ಇದೆ. ದೊಡ್ಡ ಪಾಲು ಬೋರ್ ನೀರಿನ ಸುಣ್ಣ, ಸಣ್ಣ ಪಾಲು ಎಣ್ಣೆ. ಎಣ್ಣೆ ಬಹುಶಃ 7ನೇ ಜಾರಿನಿಂದ ಬಂದಿದೆ. ನಾಲ್ಕನ್ನೂ ಒಟ್ಟಿಗೆ ಬೆರೆಸಿದ್ದರಿಂದ ಗೊತ್ತಾಗುತ್ತಿಲ್ಲ. ಜಾರಿನ ತಳದಲ್ಲಿ ಒಂದಿಷ್ಟು ಉಳಿದಿದ್ದರೆ, ಪ್ರತಿಯೊಂದರಿಂದ 10 ಎಂಎಲ್ ತೆಗೆದು ಅಂಗಡಿಯ ಡಿಸ್ಟಿಲ್ಡ್ ನೀರು 10 ಎಂಎಲ್ ಹಾಕಿ. ಸ್ವಚ್ಛ ಉಳಿದದ್ದು ನಡುಪಾಲು (ಇಟ್ಟುಕೊಳ್ಳುವ ಭಾಗ), ಮಬ್ಬಾದದ್ದು ಕೊನೆಪಾಲು (ಕೊನೆಗೆ ಬರುವ, ಎಣ್ಣೆಯಂಶ ಹೆಚ್ಚಿರುವ ಭಾಗ). ಯಾವ ಜಾರಿನಿಂದ ಕಟ್ ಮಾಡಬೇಕು, ಅಂದರೆ ಬೇರೆ ತೆಗೆಯಬೇಕು ಅನ್ನುವುದಕ್ಕೆ ಮೂಗಿನ ಜೊತೆ ಇದೊಂದು ಒಳ್ಳೆಯ ಸಾಕ್ಷಿ.

ಗ್ಲಾಸ್‌ಹೌಸ್
ಬೋರ್ ನೀರನ್ನು ಕುದಿಸಿ ಆರಿಸಿ ಹಾಕಿದರೆ ಆಗಲ್ವಾ? ಮನೇಲಿ ಹಾಗೇ ಮಾಡೋದು.

ಸೋಸುಬಟ್ಟೆ
ಅರ್ಧ ಆಗುತ್ತೆ. ಕುದಿಸಿದಾಗ ಬೈಕಾರ್ಬೋನೇಟ್ ಗಡಸುತನ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ, ಕೆಟಲ್ ಒಳಗೆ ಕಟ್ಟುವುದು ಅದೇ. ಸಲ್ಫೇಟ್, ಕ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಬೆರೆಸುವ ನೀರಿನ ಟಿಡಿಎಸ್ (ನೀರಲ್ಲಿ ಕರಗಿರುವ ಲವಣಗಳ ಅಳತೆ) 10ರ ಒಳಗಿರಲಿ. ಡಿಸ್ಟಿಲ್ಡ್ ಅಥವಾ ಡೀಅಯಾನೈಸ್ಡ್ (ಲವಣ ತೆಗೆದ) ನೀರು ಕೊಳ್ಳಿ, ಕುಡಿಯುವ ದರ್ಜೆಯದ್ದನ್ನೇ. ಬ್ಯಾಟರಿಗೆ ಹಾಕುವ ನೀರು ತರಬೇಡಿ.

ಬೆಂಗಳೂರು_ಓದುಗ
ಸುಮ್ಮನೆ ಕುತೂಹಲ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಆರ್‌ಒ ಇದೆಯಲ್ಲ, ಅದರ ನೀರು ಅಷ್ಟು ಶುದ್ಧ ಇರುತ್ತಾ?

ಸೋಸುಬಟ್ಟೆ
ಪೊರೆ ದಾಟಿದ ನೀರು ಶುದ್ಧವೇ. ಆದರೆ ಬಹಳಷ್ಟು ಮನೆ ಯಂತ್ರಗಳಲ್ಲಿ ರುಚಿಗೆಂದು ಒಂದು ತಿರುಪು ಇರುತ್ತದೆ, ಅದು ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುತ್ತದೆ. ಹಾಗಾಗಿ ನಲ್ಲಿಯಲ್ಲಿ ಬರುವ ನೀರಿನ ಟಿಡಿಎಸ್ 50, 80, ಕೆಲವು ಕಡೆ ನೂರರ ಮೇಲೆ. ಇನ್ವರ್ಟರ್ ಬ್ಯಾಟರಿಗೆ ಆರ್‌ಒ ನೀರು ಹಾಕಬೇಡಿ ಅನ್ನುವುದೂ ಇದಕ್ಕೇ.

ಇದ್ದಿಲು_ಪ್ರಿಯ
ಎಣ್ಣೆಯ ಮಬ್ಬಿಗಾದರೂ ಕಾರ್ಬನ್ ಕೆಲಸ ಮಾಡುತ್ತೆ ಅಂತ ಒಪ್ಪುತ್ತೀರಾ ಇಲ್ಲವಾ?

ಪಿಎಚ್_ಪಟ್ಟಿ
ಒಪ್ಪುತ್ತೇನೆ, ಸರಿಯಾಗಿ ಮಾಡಿದರೆ. ಸ್ಪಿರಿಟ್ ಶೇ. 40-50ಕ್ಕೆ ಇಳಿಸಿದ ಮೇಲೆ ಸೋಸಬೇಕು, ಇನ್ನೂ ಗಟ್ಟಿ ಇದ್ದರೆ ಕಾರ್ಬನ್ ಹಿಡಿದಿದ್ದನ್ನು ಬಿಟ್ಟುಕೊಡುತ್ತದೆ. ಕಾರ್ಬನ್ ಅನ್ನು ಮೊದಲು ಬಿಸಿ ನೀರಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಬೇಕು, ಇಲ್ಲದಿದ್ದರೆ ಬೂದು ಬಣ್ಣದ ಧೂಳು ಇನ್ನೊಂದು ತೊಂದರೆ. ಹರಿವು ಹನಿ ಹನಿಯಾಗಿರಬೇಕು. ಕೊನೆಗೆ ಒಂದು ಕಾಫಿ ಫಿಲ್ಟರ್ ಕಾಗದ. ಆದರೂ ಕಾರ್ಬನ್ ಕೆಟ್ಟ ಕಟ್‌ಗೆ ಬದಲಿಯಲ್ಲ. 7ನೇ ಜಾರ್ ಬದಿಗಿಟ್ಟಿದ್ದರೆ ಸೋಸುವ ಕೆಲಸವೇ ಇರುತ್ತಿರಲಿಲ್ಲ.

ಇದ್ದಿಲು_ಪ್ರಿಯ
ಅಷ್ಟು ಒಪ್ಪಿದರೆ ಸಾಕು 🙂

ಮಾಲ್ಟ್_ಮಂಜು
ಕೊನೆಪಾಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀರು ಬೆರೆಸುವ ಮೊದಲೇ, ಕಂಡೆನ್ಸರ್‌ನಿಂದ ಬೀಳುವಾಗಲೇ ಮಬ್ಬಾಗಿ ಬರುವುದೂ ಉಂಟು. ಹರಿವು ಶೇ. 40ರ ಆಸುಪಾಸು ಇಳಿದಾಗ ಅದು ಶುರುವಾಗುತ್ತದೆ, ಮೇಲೆ ಎಣ್ಣೆಯ ಪೊರೆ ಕಾಣುತ್ತದೆ, ಒದ್ದೆ ರಟ್ಟಿನ ವಾಸನೆ ಬರುತ್ತದೆ. ಐಸೋಅಮೈಲ್‌ನಂಥ ಫ್ಯೂಸೆಲ್ (ಭಾರವಾದ) ಆಲ್ಕೋಹಾಲುಗಳು ಮತ್ತು ಯೀಸ್ಟ್ ಕೋಶದಿಂದ ಬಂದ ಕೊಬ್ಬಿನಾಮ್ಲಗಳ ಎಸ್ಟರುಗಳು ಅವು. ಐಸೋಅಮೈಲ್ ಆಲ್ಕೋಹಾಲ್ ಕುದಿಯುವುದು 131 ಡಿಗ್ರಿಯಲ್ಲಿ, ನೀರಲ್ಲಿ ನೂರಕ್ಕೆ ಎರಡು ಮೂರು ಪಾಲಿಗಿಂತ ಹೆಚ್ಚು ಕರಗುವುದಿಲ್ಲ.

ಯೀಸ್ಟ್ ಕೆಳಗೆ ಕೂರುವ ಮೊದಲೇ ವಾಶ್ ಬಾಯ್ಲರಿಗೆ ಸುರಿದರೆ ಇವೆಲ್ಲ ಹೆಚ್ಚು. ತಣ್ಣನೆ ಜಾಗದಲ್ಲಿ ಒಂದು ವಾರ ಬಿಟ್ಟು, ಗಸಿ ಕದಡದಂತೆ ಸೈಫನ್ ಮಾಡಿ. ಅವಸರ ಇದ್ದರೆ ಬೆಂಟೊನೈಟ್ (ಗಸಿ ಕೂರಿಸುವ ಜೇಡಿಮಣ್ಣು) ಹಾಕಿ.

ವಿಸ್ಕಿ ಮಾಡುವವರಲ್ಲಿ ಕೆಲವರು ಶೇ. 46ರಲ್ಲಿ ಬಾಟಲಿ ತುಂಬುವುದು ಯಾಕೆ ಗೊತ್ತಾ? ಅದಕ್ಕಿಂತ ಕೆಳಗೆ ಇಳಿದರೆ ಐಸ್ ಹಾಕಿದಾಗ ಇದೇ ಎಸ್ಟರುಗಳು ಮಬ್ಬು ಎಬ್ಬಿಸುತ್ತವೆ. ಶೇ. 40ರಲ್ಲಿ ತುಂಬುವ ಕಂಪನಿಗಳು ಸೊನ್ನೆ ಡಿಗ್ರಿ ಹತ್ತಿರಕ್ಕೆ ತಣ್ಣಗೆ ಮಾಡಿ ಸೋಸುತ್ತವೆ. ಮನೆಯಲ್ಲೂ ಆಗುತ್ತದೆ: ಮುಚ್ಚಿದ ಬಾಟಲಿಯನ್ನು ಎರಡು ದಿನ ಫ್ರಿಜ್‌ನ ಅತಿ ತಂಪಿನ ಅರೆಯಲ್ಲಿ ಇಟ್ಟು, ತಣ್ಣಗಿರುವಾಗಲೇ ದಪ್ಪ ಕಾಗದದಲ್ಲಿ ಸೋಸಿ. ಬೆಚ್ಚಗಾದ ಮೇಲೆ ಸೋಸಿದರೆ ಎಲ್ಲ ಮತ್ತೆ ಕರಗಿ ಕಾಗದ ದಾಟಿ ಹೋಗುತ್ತದೆ. ಸ್ವಾದವೂ ಸ್ವಲ್ಪ ಹೋಗುತ್ತದೆ. ನನ್ನ ಕೇಳಿದರೆ ಮಬ್ಬಿರುವ ಶೇ. 46 ಮೇಲು.

ಏಲಕ್ಕಿ_ಜಿನ್
ಜಿನ್ ಮಾಡುವವರಿಗೆ ಬೇರೆ ಲೆಕ್ಕ. ಜುನಿಪರ್, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ, ಏಲಕ್ಕಿ ಎಲ್ಲದರಲ್ಲೂ ಎಣ್ಣೆಯೇ. ಅಲ್ಲಿ ಮಬ್ಬು ಕೊಳೆಯಲ್ಲ, ಮಸಾಲೆ ಹೆಚ್ಚಾಗಿದೆ ಅಂತ ಅರ್ಥ. ಸೋಂಪು, ಸ್ಟಾರ್ ಅನೀಸ್ ಹಾಕಿದರಂತೂ ಕೇಳುವುದೇ ಬೇಡ, ಗ್ರೀಸಿನ ಊಜೊ ನೀರು ಹಾಕಿದಾಗ ಬೆಳ್ಳಗಾಗುವುದು ಅದರ ಅನೆಥೋಲ್‌ನಿಂದ.

ಒಟ್ಟು ಮಸಾಲೆ ಲೀಟರಿಗೆ 20ರಿಂದ 30 ಗ್ರಾಂ ದಾಟಿಸಬೇಡಿ. ಸಿಪ್ಪೆಯ ಎಣ್ಣೆ ಮೊದಲೇ ಬರುತ್ತದೆ, ಮೊದಲ ಸ್ವಲ್ಪ ಬೇರೆ ಹಿಡಿಯಿರಿ. ಶೇ. 40ರ ಬದಲು 43-45ರಲ್ಲಿ ನಿಲ್ಲಿಸಿ. ಆಗಲೇ ಮಬ್ಬಾಗಿದ್ದರೆ ಮಸಾಲೆ ಇಲ್ಲದ ಸ್ವಚ್ಛ ಸ್ಪಿರಿಟ್ ಬೆರೆಸಿ ಎಣ್ಣೆಯ ಸಾಂದ್ರತೆ ಇಳಿಸಿ. ದಯವಿಟ್ಟು ಜಿನ್ ಅನ್ನು ಕಾರ್ಬನ್‌ಗೆ ಹಾಕಬೇಡಿ, ಹಾಕಿದ ಪರಿಮಳವೆಲ್ಲ ಹೋಗುತ್ತದೆ.

ಗ್ಲಾಸ್‌ಹೌಸ್
ಹಳದಿ ಕ್ಯಾನ್ ಬಗ್ಗೆ ಯಾರೂ ಹೇಳಲಿಲ್ಲ.

ತಾಮ್ರದ_ಚೊಂಬು
ಇಳಿಯುವಾಗ ಸ್ವಚ್ಛ, ಕ್ಯಾನಿನಲ್ಲಿ ಇಟ್ಟ ಮೇಲೆ ಹಳದಿ. ಪ್ಲಾಸ್ಟಿಕ್‌ದೇ. ಸ್ಪಿರಿಟ್ ಪ್ಲಾಸ್ಟಿಕ್‌ನಿಂದ ಬಣ್ಣ, ಮೆದುಕಾರಕ ರಾಸಾಯನಿಕ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಎಸೆಯಿರಿ. ಮುಂದಿನ ಸುತ್ತಿಗೆ ಸೇರಿಸಬೇಡಿ, ಅವುಗಳಲ್ಲಿ ಕೆಲವು ಆವಿಯ ಜೊತೆ ಮೇಲೆ ಬರುತ್ತವೆ.

ಸ್ಪಿರಿಟ್ ಅಥವಾ ಅದರ ಆವಿ ತಾಗುವ ಜಾಗದಲ್ಲಿ ತಾಮ್ರ, 304 ಅಥವಾ 316 ಸ್ಟೀಲ್, ಗಾಜು, ಪಿಟಿಎಫ್‌ಇ (ಟೆಫ್ಲಾನ್) ಟೇಪ್ ಇಷ್ಟೇ ಇರಲಿ. ಬೆಸುಗೆ ಸೀಸರಹಿತದ್ದೇ ಆಗಬೇಕು. ಪಾರದರ್ಶಕ ಪಿವಿಸಿ ಕೊಳವೆ, ರಬ್ಬರ್ ವಾಶರ್, ಸತು ಲೇಪಿಸಿದ ಫಿಟ್ಟಿಂಗ್ ಬೇಡವೇ ಬೇಡ. ಹಳೇ ಕಾರ್ ರೇಡಿಯೇಟರ್ ಕಂಡೆನ್ಸರ್ ಮಾಡುವವರ ಬಗ್ಗೆ ಕೇಳಿರುತ್ತೀರಿ; ಅದರ ಬೆಸುಗೆಯಲ್ಲಿ ಸೀಸ ಇರುತ್ತದೆ, ಸೀಸ ಬೆರೆತದ್ದು ಬಣ್ಣದಿಂದಲೂ ರುಚಿಯಿಂದಲೂ ಗೊತ್ತಾಗುವುದಿಲ್ಲ.

ಸೋಸುಬಟ್ಟೆ
ಹಳದಿಗೆ ಇನ್ನೊಂದು ಕಾರಣವೂ ಇದೆ, ಬೇರೆಯವರಿಗೆ ಉಪಯೋಗವಾಗಲಿ. ಇಳಿಯುವಾಗಲೇ ಹಳದಿ ಅಥವಾ ಕಂದು ಬಂದರೆ ವಾಶ್ ಉಕ್ಕಿ ನೊರೆ ಹೆಡ್ ದಾಟಿದೆ. ಬಾಯ್ಲರ್ ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, ಧಾನ್ಯದ ವಾಶ್ ಆದರೆ ಮೂರನೇ ಎರಡು. ಕುದಿ ಹತ್ತಿರ ಬಂದಾಗ ವ್ಯಾಟ್ ಇಳಿಸಿ. ನೊರೆ ತಡೆಯುವ ಸಿಲಿಕೋನ್ ಹನಿ ಸಿಗುತ್ತದೆ.

ಅನುಮಾನ ಇದ್ದರೆ ನೀರು ಬೆರೆಸದ ಸ್ಪಿರಿಟ್ 50 ಎಂಎಲ್ ಬಿಳಿ ಪಿಂಗಾಣಿ ತಟ್ಟೆಗೆ ಹಾಕಿ, ಕಿಟಕಿ ತೆರೆದು, ಬೆಂಕಿಯಿಲ್ಲದ ಕಡೆ ಬಿಸಿ ನೀರಿನ ಮೇಲೆ ಇಟ್ಟು ಪೂರ್ತಿ ಆರಲು ಬಿಡಿ. ಒಳ್ಳೆಯ ಸ್ಪಿರಿಟ್ ಏನೂ ಉಳಿಸುವುದಿಲ್ಲ. ಕಂದು ಅಂಟು ಉಳಿದರೆ ಉಕ್ಕಿದ ವಾಶ್. ಹಸಿರು ಉಂಗುರ ಉಳಿದರೆ ತಾಮ್ರ.

ಬೆಂಗಳೂರು_ಓದುಗ
ಹಾಗಾದರೆ ತಿಳಿಯಾಗಿ, ಬಣ್ಣವಿಲ್ಲದೆ ಬಂದರೆ ಮೆಥನಾಲ್ (ವಿಷಕಾರಿ ಆಲ್ಕೋಹಾಲ್) ಇಲ್ಲ ಅಂತ ಧೈರ್ಯವಾಗಿರಬಹುದಾ?

ಪಿಎಚ್_ಪಟ್ಟಿ
ಖಂಡಿತಾ ಇಲ್ಲ, ಈ ತಪ್ಪು ತಿಳುವಳಿಕೆ ಜೀವ ತೆಗೆಯುತ್ತದೆ. ಮೆಥನಾಲ್ ನೀರಿನಷ್ಟೇ ತಿಳಿ, ನೀರು ಬೆರೆಸಿದರೆ ಮಬ್ಬಾಗುವುದೂ ಇಲ್ಲ. ಬೆಂಕಿ ಹಚ್ಚಿ ಜ್ವಾಲೆಯ ಬಣ್ಣ ನೋಡುವ ಪರೀಕ್ಷೆಯನ್ನೂ ನಂಬಬೇಡಿ, ಬೆರಕೆ ದ್ರವದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಸಕ್ಕರೆ ವಾಶ್‌ನಲ್ಲಿ ಮೆಥನಾಲ್ ನಗಣ್ಯ, ಪೆಕ್ಟಿನ್ ಇರುವ ಹಣ್ಣಿನ ವಾಶ್‌ನಲ್ಲಿ ಸ್ವಲ್ಪ ಹೆಚ್ಚು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ, 2024ರಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತಿದ್ದು ಕಳ್ಳಬಟ್ಟಿಗೆ ಸೇರಿದ್ದ ಮೆಥನಾಲ್‌ನಿಂದ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಸ್ಪಿರಿಟ್ ಎಷ್ಟೇ ತಿಳಿಯಾಗಿದ್ದರೂ ಬಾಯಿಗೆ ಹಾಕಬಾರದು. ಕುಡಿದವರಿಗೆ ಕಣ್ಣು ಮಂಜಾದರೆ, ವಾಂತಿ, ಉಸಿರಾಟದ ತೊಂದರೆ ಬಂದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ. ಇದಕ್ಕೆ ಪ್ರತಿವಿಷ ಇದೆ, ಬೇಗ ಹೋದವರು ಉಳಿಯುತ್ತಾರೆ.

ಲಾವಂಚ_ಶಿರಸಿ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದರೆ ಬಟ್ಟಿಯದೇ. ನಮ್ಮಲ್ಲಿ ಲಾವಂಚದ ಬೇರಿನಿಂದ ಎಣ್ಣೆ ಇಳಿಸುವಾಗ ಕೆಳಗಿನ ನೀರು ಹಾಲಿನ ಹಾಗೆಯೇ ಇರುತ್ತದೆ, ಎಣ್ಣೆ ಬೇರೆಯಾಗುವುದೇ ಇಲ್ಲ. ಇದಕ್ಕೂ ಇದೇ ಕಾರಣವಾ?

ಏಲಕ್ಕಿ_ಜಿನ್
ಎಣ್ಣೆ ಹನಿಗಳೇ, ಆದರೆ ನಿಮಗೆ ಅದು ಬೇಕಾದ ವಸ್ತು. ಲಾವಂಚದ ಎಣ್ಣೆಯ ಸಾಂದ್ರತೆ ನೀರಿಗೆ ಬಹಳ ಹತ್ತಿರ, ಜೊತೆಗೆ ಮಂದ. ಮೇಲೂ ತೇಲದು, ಕೆಳಗೂ ಮುಳುಗದು. ಕಂಡೆನ್ಸರ್‌ಗೆ ಅತಿ ತಣ್ಣನೆ ನೀರು ಬಿಡಬೇಡಿ, ಹೊರಬರುವ ದ್ರವ 40-45 ಡಿಗ್ರಿ ಬೆಚ್ಚಗಿದ್ದರೆ ಎಣ್ಣೆ ತೆಳುವಾಗಿ ಬೇಗ ಕೂಡುತ್ತದೆ. ಉಳಿದ ಹಾಲುನೀರನ್ನು ಚೆಲ್ಲಬೇಡಿ, ಮುಂದಿನ ಸುತ್ತಿನ ಹಂಡೆಗೆ ಅದನ್ನೇ ಹಾಕಿ.

ತಾಮ್ರದ_ಚೊಂಬು
ಉತ್ತರ ಪ್ರದೇಶದ ಅತ್ತರಿನ ಊರು ಕನೌಜ್‌ನಲ್ಲಿ ತಾಮ್ರದ ಡೇಗ್‌ನಲ್ಲಿ (ಹಂಡೆಯಲ್ಲಿ) ಇಳಿಸುವ ರೂಹ್ ಖಸ್, ಅಂದರೆ ಲಾವಂಚದ ಎಣ್ಣೆ, ಹಸಿರು ಛಾಯೆಯದು, ಅದೂ ಎಣ್ಣೆಯ ಆಮ್ಲಗಳು ತಾಮ್ರವನ್ನು ಎಳೆದುಕೊಳ್ಳುವುದರಿಂದಲೇ. ಮೈಗೆ ಹಚ್ಚುವ ಅತ್ತರಿಗೆ ಅದು ಗುರುತು. ಕುಡಿಯುವ ಸ್ಪಿರಿಟ್‌ಗೆ ಆ ರಿಯಾಯಿತಿ ಇಲ್ಲ.

ವೈಕಾಟೊ_ಹಂಡೆ
ಫಲಿತಾಂಶ: ಡಿಸ್ಟಿಲ್ಡ್ ನೀರು ಹಾಕಿದಾಗ 4, 5, 6 ಸ್ವಚ್ಛ ಉಳಿದವು. 7 ಹಾಲು ಬೆರೆಸಿದಂತಾಯಿತು. ಸೋಸುಬಟ್ಟೆಯವರು ಹೇಳಿದಂತೆಯೇ. ಈಗಾಗಲೇ ಬೋರ್ ನೀರು ಬೆರೆಸಿದ 3.4 ಲೀಟರ್ ಏನು ಮಾಡುವುದು? ಮತ್ತು ಓಕ್ ಚಿಪ್ಸ್ ಹಾಕುವ ಯೋಚನೆ ಇತ್ತು.

ಮಾಲ್ಟ್_ಮಂಜು
ಅದಕ್ಕೆ ಓಕ್ ಹಾಕಲೇಬೇಡಿ. ಬೋರ್ ನೀರಲ್ಲಿ ಕಬ್ಬಿಣ ಇದ್ದರೆ ಓಕ್‌ನ ಟ್ಯಾನಿನ್ ಜೊತೆ ಸೇರಿ ಶಾಯಿಯಂತೆ ಕಪ್ಪಾಗುತ್ತದೆ. ನೀರು ಸೇರಿಸಿ ಶೇ. 30ಕ್ಕೆ ತಂದು ಮತ್ತೊಮ್ಮೆ ಬಟ್ಟಿ ಇಳಿಸಿ. ಸುಣ್ಣ ಬಾಯ್ಲರ್‌ನಲ್ಲೇ ಉಳಿಯುತ್ತದೆ, 7ನೇ ಜಾರಿನ ಎಣ್ಣೆ ಕೊನೆಗೆ ಬರುತ್ತದೆ, ಆಗ ಕಟ್ ಮಾಡಿ. ಮುಗಿದ ಮೇಲೆ ಎಲಿಮೆಂಟ್‌ಗೆ ಸುಣ್ಣ ಕಟ್ಟಿದೆಯಾ ನೋಡಿ.

ಸೋಸುಬಟ್ಟೆ
ಮತ್ತೆ ನೀರು ಬೆರೆಸುವಾಗ: ಸ್ಪಿರಿಟ್ ಮತ್ತು ನೀರು ಎರಡೂ 20 ಡಿಗ್ರಿಯಲ್ಲಿರಲಿ. ಹೈಡ್ರೋಮೀಟರ್ ಆ ತಾಪಕ್ಕೇ ಗುರುತು ಮಾಡಿರುವುದು. 30 ಡಿಗ್ರಿಯಲ್ಲಿ ಶೇ. 40ರ ಸ್ಪಿರಿಟ್ 44ರ ಹತ್ತಿರ ತೋರಿಸುತ್ತದೆ. ಶೇ. 68ರ 2 ಲೀಟರನ್ನು 40ಕ್ಕೆ ತರಲು ಲೆಕ್ಕದ ಪ್ರಕಾರ 1.4 ಲೀಟರ್ ನೀರು, ಆದರೆ ಬೆರೆತಾಗ ಗಾತ್ರ ಕುಗ್ಗುವುದರಿಂದ ಸ್ವಲ್ಪ ಹೆಚ್ಚು ಬೇಕಾಗುತ್ತದೆ. 1.2 ಲೀಟರ್ ಹಾಕಿ, ಒಂದು ದಿನ ಬಿಟ್ಟು, ಅಳೆದು, ಉಳಿದದ್ದನ್ನು ನೂರು ನೂರು ಎಂಎಲ್ ಆಗಿ ಸೇರಿಸಿ. ಎಲ್ಲಿ ಮಬ್ಬಾಗಲು ಶುರುವಾಗುತ್ತದೋ ಅದಕ್ಕಿಂತ ಎರಡು ಮೂರು ಅಂಶ ಮೇಲೆ ನಿಲ್ಲಿಸಿ.

ನಿರ್ವಾಹಕ
ಒಂದು ಮಾತು ಸೇರಿಸಿ: ಶೇ. 40ರ ಸ್ಪಿರಿಟ್‌ನ ಆವಿ 26 ಡಿಗ್ರಿ ಸುಮಾರಿಗೇ ಕಿಡಿಗೆ ಹೊತ್ತಿಕೊಳ್ಳುತ್ತದೆ, ಶೇ. 70ರದ್ದು ಅದಕ್ಕೂ ಮೊದಲೇ. ಬೆರೆಸುವ ಮೇಜು ಹೀಟರ್, ಗ್ಯಾಸ್ ಒಲೆಯಿಂದ ದೂರವಿರಲಿ, ಇಳಿಸುವಾಗ ಬಾಗಿಲು ತೆರೆದಿರಲಿ, ಬೆಂಕಿ ನಂದಿಸುವ ಸಾಧನ ಕೈಗೆಟುಕುವ ಕಡೆ ಇರಲಿ.

ವೈಕಾಟೊ_ಹಂಡೆ
ಸರಿ. ಈ ಶನಿವಾರ ಹೆಡ್ ಮತ್ತು ಕಂಡೆನ್ಸರ್ ಸಿಟ್ರಿಕ್‌ನಲ್ಲಿ ತೊಳೆದು 3.4 ಲೀಟರನ್ನು ಮೊದಲು ಇಳಿಸುತ್ತೇನೆ, ನೀಲಿಯದನ್ನು ಬೇರೆ ದಿನ. ಮುಂದಿನ ವಾಶ್‌ಗೆ ಡಿಎಪಿ 20 ಗ್ರಾಂ. ಸ್ಟೀಲ್ ಕಂಡೆನ್ಸರ್ ಕೊಳ್ಳುವುದಾದರೆ 2000 ವ್ಯಾಟ್‌ಗೆ ಎಷ್ಟು ಉದ್ದದ್ದು ಬೇಕು?

ಸ್ಟೀಲ್_ಸಾಕು
ಸ್ಟೀಲ್ ತಾಮ್ರದಷ್ಟು ಚೆನ್ನಾಗಿ ಶಾಖ ದಾಟಿಸಲ್ಲ, ಆದ್ದರಿಂದ ಈಗಿರುವುದಕ್ಕಿಂತ ಉದ್ದದ್ದೇ ತಗೊಳ್ಳಿ, ಒಳಗೆ ಒಂದೇ ಕೊಳವೆ ಬದಲು ಹಲವು ಸಣ್ಣ ಕೊಳವೆ ಇರುವಂಥದ್ದು ಸಿಕ್ಕರೆ ಇನ್ನೂ ಒಳ್ಳೇದು. ತಣ್ಣೀರು ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ. ಬೀಳುವ ಸ್ಪಿರಿಟ್ ಮುಟ್ಟಿದರೆ ತಣ್ಣಗಿರಬೇಕು. ಬೆಚ್ಚಗಿದ್ದರೆ ಆವಿ ತಪ್ಪಿಸಿಕೊಳ್ಳುತ್ತಿದೆ, ತಕ್ಷಣ ವ್ಯಾಟ್ ಇಳಿಸಿ.